ಹೇಳದೆ ಉಳಿಸಿಕೊಂಡ ಒಂದು ಮಾತು
ಅಂಕಣ: ಅಡುಗೆಮನೆಯ ಕಿಟಕಿಯಿಂದ

ಎರಡು ವರ್ಷಗಳಿಗೊಮ್ಮೆ ಕೂಡುವ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಯಲ್ಲಿ, ಈ ಪುಟದ ಮೂಲಕ ತಮ್ಮೊಡನೆ ನಾಲ್ಕು ಮಾತನಾಡುವ ಭಾಗ್ಯ ನನಗೆ ಒದಗುತ್ತ ಬಂದಿದೆ. ಈ ಸಲ ತಮ್ಮನ್ನು ಅಡುಗೆಮನೆಯಿಂದಾಚೆ, ಶಸ್ತ್ರಕ್ರಿಯಾ ಕೊಠಡಿಯ ಬಾಗಿಲವರೆಗೆ ಕರೆದೊಯ್ಯಬೇಕಾಗಿದೆ. ನಾನು ಓದಿದ್ದು ಬರಿಯ ಬಿ.ಎ.; ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಕಂಡುಂಡದ್ದನ್ನು ಹೇಳದೆ ಇರಲಾರೆ.

2023ರ ಬೇಸಿಗೆಯಲ್ಲಿ ನಮ್ಮ ಯಜಮಾನರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಗತೊಡಗಿತು. ಸಾರನ್ನ ಕಲೆಸುವಾಗ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ನಡಿಗೆಯೂ ತಪ್ಪುತ್ತಿತ್ತು. ಕತ್ತಿನ ಮೂಳೆಗಳ ಸವೆತದಿಂದ ಬೆನ್ನುಹುರಿ ಒತ್ತಿಕೊಂಡಿದೆ, ಇನ್ನು ತಡಮಾಡಬಾರದು ಎಂದರು ವೈದ್ಯರು.

ಶಸ್ತ್ರಕ್ರಿಯೆಯ ದಿನ ಬೆಳಗಿನ ಐದೂವರೆಗೆಲ್ಲ ಒಹಾಯೋದ ನಮ್ಮೂರಿನ ಆಸ್ಪತ್ರೆಯಲ್ಲಿದ್ದೆವು. ನಮ್ಮ ಮಗಳ ವಯಸ್ಸಿನ ತರುಣಿಯೊಬ್ಬಳು ಬಂದು, ಶಸ್ತ್ರಕ್ರಿಯೆ ನಡೆಯುವಷ್ಟು ಹೊತ್ತೂ ಇವರ ನರಗಳ ಮೇಲೆ ನಿಗಾ ಇಡುವವಳು ತಾನೆಂದು ಪರಿಚಯಿಸಿಕೊಂಡಳು. ಅಂಥದೊಂದು ಕೆಲಸವಿದೆಯೆಂದು ನನಗೆ ತಿಳಿದದ್ದೇ ಆಗ. ಅವಳು ತಾಳ್ಮೆಯಿಂದ ವಿವರಿಸಿದಳು. ಕೈಕಾಲಿನ ನರಕ್ಕೆ ಸಣ್ಣ ವಿದ್ಯುತ್ತನ್ನು ಕೊಟ್ಟು, ಅದು ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟುತ್ತಿದೆಯೇ ಎಂದು ನೋಡುವುದು ಒಂದು ಬಗೆ. ಅದು ಸ್ಪರ್ಶದ ಹಾದಿ. ತಲೆಯ ಮೇಲಿನಿಂದ ಮಿದುಳನ್ನು ಪ್ರಚೋದಿಸಿ, ಕೈಕಾಲಿನ ಸ್ನಾಯುಗಳು ಮಿಡಿಯುತ್ತವೆಯೇ ಎಂದು ನೋಡುವುದು ಇನ್ನೊಂದು. ಅದು ಚಲನೆಯ ಹಾದಿ. ಒಂದು ಕೆಡದೆ ಇನ್ನೊಂದು ಕೆಡಬಹುದಾದ್ದರಿಂದ ಎರಡನ್ನೂ ನೋಡಬೇಕು. ಈ ಯಂತ್ರಗಳು ಬಳಕೆಗೆ ಬರುವ ಮುನ್ನ ರೋಗಿಯನ್ನು ಅರ್ಧದಲ್ಲಿಯೇ ಎಚ್ಚರಿಸಿ, "ಕಾಲು ಅಲುಗಾಡಿಸಿ" ಎನ್ನುತ್ತಿದ್ದರಂತೆ. ಆ ಪರೀಕ್ಷೆಯನ್ನು 1973ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಸ್ಟಾಗ್ನಾರಾ ಮತ್ತು ಅವರ ಸಂಗಡಿಗರು.

ಅನಂತರ ಅವಳು ಕೇಳಿದಳು: "ಫಿಟ್ಸ್ ಬಂದದ್ದುಂಟೇ? ತಲೆಯಲ್ಲಿ ಲೋಹವೇನಾದರೂ ಇದೆಯೇ? ಪೇಸ್‌ಮೇಕರ್? ಕೈಕಾಲಿನಲ್ಲಿ ಹಳೆಯ ದೌರ್ಬಲ್ಯ?"

"ಇಲ್ಲ" ಎಂದರು ನಮ್ಮವರು, ನಾಲ್ಕಕ್ಕೂ ಒಂದೇ ಉತ್ತರವಾಗಿ.

ನಾನು ಅವರ ಮುಖ ನೋಡಿದೆ. ತಿಪಟೂರಿನ ಸಮೀಪದ ಹಳ್ಳಿಯಲ್ಲಿ, ಪೋಲಿಯೊ ಹನಿ ಅತ್ತ ಸುಳಿಯದಿದ್ದ ಕಾಲದಲ್ಲಿ, ಮೂರನೆಯ ವಯಸ್ಸಿಗೆ ಬಂದ ಜ್ವರ ಅವರ ಬಲಗಾಲಿನ ಮೀನಖಂಡವನ್ನು ಸೊರಗಿಸಿ ಹೋಗಿತ್ತು. ಶಾಲೆಯಲ್ಲಿ ಹುಡುಗರು "ಕುಂಟ" ಎಂದು ಕೂಗಿದ್ದನ್ನು ಅವರು ನನಗೆ ಹೇಳಿದ್ದು ಒಂದೇ ಒಂದು ಸಲ. ನನ್ನನ್ನು ನೋಡಲು ಬಂದ ದಿನ ಕುರ್ಚಿಯಿಂದ ಮೇಲೇಳಲೇ ಇಲ್ಲ! ಈ ದೇಶಕ್ಕೆ ಬಂದ ಮೇಲಂತೂ ದಪ್ಪ ಕಾಲುಚೀಲ, ಉದ್ದನೆಯ ಪ್ಯಾಂಟು ಆ ಕಾಲನ್ನು ಲೋಕದಿಂದ ಮರೆಮಾಡಿದ್ದವು. ಕಾಲಿನ ದೌರ್ಬಲ್ಯವನ್ನು ವೈದ್ಯರು ಕತ್ತಿನ ತೊಂದರೆಯ ಫಲವೆಂದೇ ಭಾವಿಸಿದ್ದರು. ಇವರೂ ತಿದ್ದಿರಲಿಲ್ಲ.

"ಹೇಳಿಬಿಡಿ ಅಂದ್ರೆ" ಎಂದೆ ಕನ್ನಡದಲ್ಲಿ.

"ಅದಕ್ಕೂ ಇದಕ್ಕೂ ಏನು ಸಂಬಂಧ? ಸುಮ್ಮನಿರು."

ಮೂವತ್ತನಾಲ್ಕು ವರ್ಷಗಳ ಸಂಸಾರದಲ್ಲಿ ಸುಮ್ಮನಿದ್ದದ್ದು ಬಹಳ. ಅಂದು ಇರಲಾಗಲಿಲ್ಲ. ನಾನೇ ಹೇಳಿದೆ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಆ ತರುಣಿಯ ಲೇಖನಿ ನಿಂತಿತು. ಪೋಲಿಯೊ ಕೆಡಿಸುವುದು ಚಲನೆಯ ನರಕೋಶಗಳನ್ನು. ಸ್ಪರ್ಶದ ಹಾದಿ ಸಾಮಾನ್ಯವಾಗಿ ಉಳಿದಿರುತ್ತದೆ. ಆದ್ದರಿಂದ ಆ ಕಾಲಿನ ಸ್ನಾಯು ಮಿಡಿಯದಿದ್ದರೆ, ಅದು ಹಳೆಯ ಗಾಯವೋ, ಮದ್ದಿನ ಪರಿಣಾಮವೋ, ಕತ್ತಿನಲ್ಲಿ ಈಗ ಆದ ಅಪಾಯವೋ ಎಂಬ ಗೊಂದಲವೇಳುತ್ತದೆ. ಮೊದಲೇ ಗೊತ್ತಿದ್ದರೆ ಮಿಡಿಯಬಲ್ಲ ಬೇರೆ ಸ್ನಾಯುವನ್ನು ಹುಡುಕಬಹುದು. ತೊಡೆಗೂ ಸೂಜಿತಂತಿಗಳನ್ನು ಸೇರಿಸುವುದಾಗಿ ಬರೆದುಕೊಂಡಳು.

ಅಷ್ಟಕ್ಕೆ ಬಿಡಲಿಲ್ಲ. ಶಸ್ತ್ರವೈದ್ಯರು, ಅರಿವಳಿಕೆ ವೈದ್ಯೆ, ದಾದಿ ಮೂವರೂ ಮಂಚದ ಬಳಿ ಬಂದಾಗ ತನ್ನ ಯೋಜನೆಯನ್ನು ಬಾಯಿಬಿಟ್ಟು ಹೇಳಿದಳು. ಉಸಿರುಕೊಳವೆ ಹಾಕಿದ ಮೇಲೆ ಸ್ನಾಯು ಸಡಿಲಿಸುವ ಮದ್ದು ಬೇಡ. ಉಸಿರಿನೊಡನೆ ಕೊಡುವ ಅರಿವಳಿಕೆಯೂ ಚಲನೆಯ ಸಂಕೇತವನ್ನು ಕುಗ್ಗಿಸುವುದರಿಂದ ರಕ್ತನಾಳದ ಮೂಲಕ ಕೊಡುವ ಅರಿವಳಿಕೆಯೇ ಇರಲಿ. ನಾಲಿಗೆ ಕಚ್ಚಿಕೊಳ್ಳದಂತೆ ಹಲ್ಲುಗಳ ನಡುವೆ ಮೆತ್ತನೆಯ ಸುರುಳಿ. ಬೋರಲು ಮಲಗಿಸುವ ಮೊದಲೊಮ್ಮೆ, ಮಲಗಿಸಿದ ಮೇಲೊಮ್ಮೆ ಅಳತೆ. ಸಂಕೇತ ಕುಸಿದರೆ ತಾನು ಗಟ್ಟಿಯಾಗಿ ಹೇಳುವಳು. ಕೈ ನಿಲ್ಲಬೇಕು, ರಕ್ತದೊತ್ತಡ ಏರಬೇಕು, ತಂತಿಗಳನ್ನು ನೋಡಬೇಕು, ಕೊನೆಯದಾಗಿ ಮಾಡಿದ್ದನ್ನು ಮತ್ತೆ ಪರಿಶೀಲಿಸಬೇಕು. ಕೊನೆಯಲ್ಲಿ, "ಬಲಗಾಲಿಗೆ ಹಳೆಯ ಪೋಲಿಯೊ" ಎಂದಳು. ಪೋಲಿಯೊ ಆದವರಿಗೆ ಸ್ನಾಯು ಸಡಿಲಿಸುವ ಮದ್ದು ಹೆಚ್ಚು ತಾಗಬಹುದೆಂದು ಅರಿವಳಿಕೆ ವೈದ್ಯೆ ತಮ್ಮ ಹಾಳೆಯಲ್ಲಿಯೂ ಬರೆದುಕೊಂಡರು. ಒಬ್ಬೊಬ್ಬರೂ ತಮ್ಮ ಪಾಲಿನದನ್ನು ಮರಳಿ ಹೇಳಿದರು. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಬಡಿಸುವವರಿಗೆ ಸಾಲು ಹೇಳಿ, ಅವರಿಂದ ಮರಳಿ ಹೇಳಿಸುತ್ತಿದ್ದದ್ದು ನನಗೆ ನೆನಪಾಯಿತು.

ಐದು ಗಂಟೆಗಳು ಕಳೆದವು. ಹೊರಗೆ ಬಂದ ಶಸ್ತ್ರವೈದ್ಯರು, ಬಲ ಮೀನಖಂಡ ಮೊದಲ ಅಳತೆಯಲ್ಲಿಯೇ ಮೌನವಾಗಿತ್ತು, ತೊಡೆ ಉತ್ತರ ಕೊಟ್ಟಿತು ಎಂದರು. ನಡುವೆ ಒಮ್ಮೆ ರಕ್ತದೊತ್ತಡ ಇಳಿದು ಎಡಗಾಲಿನ ಸಂಕೇತವೂ ಬಲತೊಡೆಯದೂ ಒಟ್ಟಿಗೆ ಕುಗ್ಗಿದವಂತೆ. ಅವಳು ಹೇಳಿದಳು, ಇವರು ಕೈ ತಡೆದರು, ಒತ್ತಡ ಏರಿಸಿದರು, ಸಂಕೇತಗಳು ಮರಳಿದವು. "ಹಳೆಯದು ಯಾವುದು, ಹೊಸದು ಯಾವುದು ಎಂದು ನಾವು ಚರ್ಚಿಸುತ್ತ ನಿಲ್ಲಬೇಕಾಗಲಿಲ್ಲ" ಎಂದರು. ನಾನು ಸೆರಗಿನಲ್ಲಿ ಕಣ್ಣೊರಸಿಕೊಂಡೆ.

ನಮ್ಮವರು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ವ್ಯಾಯಾಮ ಕಲಿಸಲು ಬಂದಾತ ಬಲಗಾಲನ್ನು ಮುಟ್ಟಿ ನೋಡಿ ಏನೋ ಕೇಳುವುದರಲ್ಲಿದ್ದ. ಅಷ್ಟರಲ್ಲಿ ಇವರೇ, "ಪೋಲಿಯೊ, ಮೂರನೆಯ ವಯಸ್ಸಿನಲ್ಲಿ" ಎಂದರು. ನಾನು ಕಿಟಕಿಯ ಕಡೆ ನೋಡುತ್ತ ಕೇಳಿಸದವಳಂತೆ ನಿಂತೆ.

ವೈದ್ಯರ ಮುಂದೆ ಮುಚ್ಚಿಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದಕ್ಕೆ ನನ್ನದೊಂದು ಸೇರ್ಪಡೆ: ಒಬ್ಬ ವೈದ್ಯರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪಿತೆಂದು ತಿಳಿಯಬೇಡಿ. ಹಳೆಯ ಕಾಯಿಲೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಶಸ್ತ್ರವೈದ್ಯರಿಗೆ, ಅರಿವಳಿಕೆಯವರಿಗೆ, ನರಗಳ ನಿಗಾ ನೋಡುವವರಿಗೆ ಬೇರೆಬೇರೆಯಾಗಿಯೇ ಹೇಳಿ. ಊರಿನಿಂದ ಬಂದ ತಂದೆತಾಯಿಯರಿಗೆ ಇಂಗ್ಲಿಷ್ ಬಾರದಿದ್ದರೆ ದುಭಾಷಿಯನ್ನು ಕೇಳಲು ಸಂಕೋಚ ಬೇಡ.

ಸಮ್ಮೇಳನದ ಊಟದ ಪಂಕ್ತಿಯಲ್ಲಿ ನಮ್ಮವರು ತಮಗೆ ಎದುರಾಗಬಹುದು. ಗುಂಡಿಗಳನ್ನು ತಾವೇ ಹಾಕಿಕೊಂಡಿರುತ್ತಾರೆ; ತುಸು ನಿಧಾನ, ಅಷ್ಟೇ. ಈ ಲೇಖನವನ್ನು ಅಚ್ಚಿಗೆ ಕಳಿಸುವ ಮುನ್ನ ಅವರಿಗೆ ಓದಿ ಹೇಳಿದೆ. "ಕಾಲುಚೀಲದ ವಿಷಯ ಬೇಕಿತ್ತೇ?" ಎಂದರು. ಆಮೇಲೆ ಅವರೇ, "ಇರಲಿ ಬಿಡು" ಎಂದರು.