ಬಿಸಿಲಲ್ಲೇ ದುಡಿಯುವವರಿಗೆ ಬೆಳಕಿನ ಮಾತ್ರೆ

ಗುಂಡ್ಲುಪೇಟೆ ಹತ್ತಿರದ ಭೀಮನಬೀಡು ನಮ್ಮೂರು. ಅಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡ ನಮ್ಮ ಸಂಬಂಧಿಕರೊಬ್ಬರು ದಿನಕ್ಕೆರಡು ಸಲ ಟ್ಯಾಕ್ರೊಲಿಮಸ್ ನುಂಗುತ್ತಾರೆ. ಹೊಸ ಕಿಡ್ನಿಯ ಮೇಲೆ ದೇಹದ ರಕ್ಷಣಾ ಪಡೆ ಮುಗಿಬೀಳದಿರಲಿ ಅಂತ. ತೊಂದರೆ ಏನಪ್ಪಾ ಅಂದ್ರೆ, ಅದು ಇಡೀ ಮೈಯ ಕಾವಲನ್ನೇ ಮಂಕು ಮಾಡುತ್ತದೆ. ಒಂದು ಪಂಪ್‌ಸೆಟ್ ನಿಲ್ಲಿಸೋಕೆ ಊರಿಗೆಲ್ಲಾ ಕರೆಂಟ್ ತೆಗೆದ ಹಾಗೆ!

ಈ ಕಾವಲಿನ ಕೀಲಿಕೈ ಕ್ಯಾಲ್ಸಿಯಂ. ಶತ್ರು ಕಂಡೊಡನೆ ಟಿ-ಕೋಶ ತನ್ನೊಳಗಿನ ಕ್ಯಾಲ್ಸಿಯಂ ದಾಸ್ತಾನು ಖಾಲಿ ಮಾಡುತ್ತದೆ. ಅದನ್ನು ಗಮನಿಸಿದ ಸ್ಟಿಮ್-1 ಎಂಬ ಪ್ರೋಟೀನ್, ಕೋಶದ ಹೊರಪೊರೆಯಲ್ಲಿರುವ ಓರೈ-1 ಎಂಬ ಬಾಗಿಲನ್ನು ತೆರೆಸುತ್ತದೆ. ಹೊರಗಿನ ಕ್ಯಾಲ್ಸಿಯಂ ಒಳನುಗ್ಗಿತೋ, ಯುದ್ಧ ಶುರು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದಿರಲು ಈ ಓರೈ-1 ಕೆಟ್ಟಿರುವುದೇ ಕಾರಣ ಅಂತ 2006ರಲ್ಲಿ ಗೊತ್ತಾಯಿತು. ಟ್ಯಾಕ್ರೊಲಿಮಸ್ ಕೈ ಹಾಕೋದು ಇದೇ ಸರಪಳಿಯ ಮುಂದಿನ ಕೊಂಡಿಗೆ.

ಈ ಬಾಗಿಲನ್ನು ಬೆಳಕಿನಿಂದಲೇ ಮುಚ್ಚಿ ತೆರೆಯಬಲ್ಲ ಅಣುಗಳ ಬಗ್ಗೆ 2020ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಒಂದು ಬಣ್ಣದ ಬೆಳಕಿಗೆ ಅಣುವಿಗೆ ಒಂದು ಆಕಾರ, ಇನ್ನೊಂದಕ್ಕೆ ಇನ್ನೊಂದು. ಹೀಗೆ ಆನ್, ಆಫ್. ಜೀಬ್ರಾ ಮೀನಿನಲ್ಲೂ ಪರೀಕ್ಷಿಸಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಗ್ಲೋಬಲ್ ವೇರಿಯಬಲ್ ಒಂದನ್ನು ಲೋಕಲ್ ಮಾಡಿದ ಹಾಗೆ.

ಔಷಧಕ್ಕೆ ಬೆಳಕು ಬೆರೆಸೋದು ನಮಗೇನೂ ಹೊಸದಲ್ಲ ಬಿಡಿ. ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ನಿಲ್ಲುತ್ತಿದ್ದರಲ್ಲ? ಅದರಲ್ಲಿರೋದು ಸೊರಾಲೆನ್. ಅದೇ ಜಾತಿಯ ಮಾತ್ರೆ ಕೊಟ್ಟು ಬಿಸಿಲಿಗೆ ನಿಲ್ಲಿಸುವ ಚಿಕಿತ್ಸೆಯೂ ಇದೆ. ಆದರೆ ಬೆಳಕು ಬಿದ್ದ ಸೊರಾಲೆನ್ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಅಲ್ಲಿ 'ಅನ್‌ಡೂ' ಇಲ್ಲ. ಅದಕ್ಕೇ ಮಾತ್ರೆ ತೆಗೆದುಕೊಂಡ ದಿನ ಉಳಿದ ಹೊತ್ತು ಬಿಸಿಲಿಗೆ ಹೋಗಬೇಡಿ, ಕಪ್ಪು ಕನ್ನಡಕ ಹಾಕಿ ಅಂತಾರೆ.

ನನ್ನ ತಕರಾರು ಇರೋದು ಇಲ್ಲೇ. ಚೆಂಡುಹೂವು ಕೊಯ್ಯುವವರಿಗೆ, ಅರಿಶಿನ ಅಗೆಯುವವರಿಗೆ 'ಬಿಸಿಲಿಗೆ ಹೋಗಬೇಡಿ' ಅನ್ನೋದು ಸಲಹೆಯಲ್ಲ, ಆ ದಿನದ ಕೂಲಿ ಬಿಡಿ ಅಂದ ಹಾಗೆ. ನೀಲಿ, ನೇರಳೆ ಬೆಳಕು ಚರ್ಮ ದಾಟಿ ಆಳಕ್ಕೆ ಇಳಿಯೋಲ್ಲ. ಹಾಗಾಗಿ ಕಿಡ್ನಿಯ ಮಾತು ಆಮೇಲೆ. ಇಂಥ ಔಷಧ ಬಂದರೆ ಮೊದಲು ಸೋರಿಯಾಸಿಸ್‌ನಂಥ ಚರ್ಮದ ಕಾಯಿಲೆಗಳಿಗೇ ಬರಬಹುದು. ಚರ್ಮಕ್ಕೋ, ದಿನವಿಡೀ ಬಿಸಿಲು! ಡಾಕ್ಟರು ಹಾಕಬೇಕಾದ ಸ್ವಿಚ್ಚನ್ನು ಸೂರ್ಯನೇ ಹಾಕಿಬಿಟ್ಟರೆ?

ಕತ್ತಲೆ ಕೋಣೆಯ ಲ್ಯಾಬಿನಲ್ಲಿ ಪಾಸಾದರೆ ಸಾಲದು. ಮಧ್ಯಾಹ್ನದ ಬಿಸಿಲಿನ ಪರೀಕ್ಷೆ ಅಣುವಿನ ವಿನ್ಯಾಸದ ಮೊದಲ ದಿನವೇ ಆಗಬೇಕು. ಏನಂತೀರಿ?