ಉತಾರದ ಮೇಲಿನ ಹೆಸರು

ಆಡಳಿತವು ಕಾಲಕ್ಕೆ ತಕ್ಕಂತೆ ಜಾಣತನ ತೋರಬೇಕೆಂಬ ಮಾತು ಇಂದು ಮಂತ್ರಿಗಳ ಭಾಷಣಗಳಲ್ಲಿಯೂ ಅಧಿಕಾರಿಗಳ ಸಭೆಗಳಲ್ಲಿಯೂ ಕೇಳಿಬರುತ್ತಲಿದೆ. ಮಾತು ಒಳ್ಳೆಯದೇ. ಆದರೆ ಅಂಥ ಆಡಳಿತದ ಒರೆಗಲ್ಲು ರಾಜಧಾನಿಯ ಸೌಧಗಳಲ್ಲಿಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಹೊರ್ತಿಯಂಥ ಗ್ರಾಮಗಳಲ್ಲಿದೆ. ಬರಕ್ಕೆ ಪದೇ ಪದೇ ತುತ್ತಾಗುವ ಇಂಡಿ ಸೀಮೆಯ ರೈತನಿಗೆ ಸರಕಾರವೆಂದರೆ ಮೊದಲು ಒಂದು ಕಾಗದ, ಅದೇ ಹೊಲದ ಉತಾರ. ಸಾಲವಿರಲಿ, ಬೆಳೆವಿಮೆಯಿರಲಿ, ಬರಪರಿಹಾರವಿರಲಿ, ಎಲ್ಲವೂ ಉತಾರದ ಮೇಲಿನ ಹೆಸರನ್ನೇ ಕೇಳುತ್ತವೆ.

ಈ ಕಾಗದವು ಹಿಂದೆ ಯಾರ ಕೈಯಲ್ಲಿತ್ತು? ಮುಂಬಯಿ ಪ್ರಾಂತದ ಆಳಿಕೆಯಲ್ಲಿ ವತನದಾರ ಕುಲಕರ್ಣಿಯ ದಫ್ತರದಲ್ಲಿ. 1950ರ ಕಾಯಿದೆಯಿಂದ ಆ ವತನಗಳು ರದ್ದಾಗಿ ಸಂಬಳದ ತಲಾಠಿ ಬಂದನು. ದಫ್ತರವು ಕೈ ಬದಲಿಸಿತೇ ಹೊರತು ರೈತನ ಅಲೆದಾಟ ತಪ್ಪಲಿಲ್ಲ. ಮುಂದೆ ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿತು. 15 ರೂಪಾಯಿ ಕೊಟ್ಟವನಿಗೆ ತಾಲೂಕು ಕಚೇರಿಯಲ್ಲಿ ಉತಾರ ಸಿಗುವಂತಾಯಿತು. ಇದು ಸಣ್ಣ ಸುಧಾರಣೆಯಲ್ಲ.

2011ರ ಸಕಾಲ ಕಾಯಿದೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರತಿಯೊಂದು ಕೆಲಸಕ್ಕೂ ಅವಧಿಯನ್ನು ಗೊತ್ತುಪಡಿಸಿ, ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪ್ರಜೆಗೆ ಪರಿಹಾರ ಸಲ್ಲಬೇಕೆಂದು ವಿಧಿಸಿತು. ವಿಳಂಬವೂ ಒಂದು ಅಪರಾಧವೆಂದು ಸರಕಾರವು ತಾನೇ ಒಪ್ಪಿಕೊಂಡಂತಾಯಿತು.

ಇಷ್ಟಾದರೂ ಒಂದು ಮೂಲದೋಷ ಉಳಿದಿದೆ. ಯಂತ್ರವು ತನಗೆ ಬರೆದುಕೊಟ್ಟುದನ್ನೇ ಹೇಳುತ್ತದೆ. ಅಜ್ಜನು ತೀರಿಹೋಗಿ ಮೊಮ್ಮಕ್ಕಳು ಹೊಲ ಉಳುತ್ತಿದ್ದರೂ ಉತಾರದಲ್ಲಿ ಅಜ್ಜನು ಜೀವಂತನಾಗಿಯೇ ಇರುತ್ತಾನೆ. ಅಣ್ಣತಮ್ಮಂದಿರು ಬದು ಹಾಕಿಕೊಂಡು ಬೇರೆಯಾದರೂ ಪೋಡಿಯಾಗದೆ ಸರ್ವೇ ನಂಬರು ಒಂದೇ ಆಗಿರುತ್ತದೆ. 2023ರ ಬರದಲ್ಲಿ ಇದರ ಫಲ ಕಂಡಿತು. ಆಗ ಪರಿಹಾರದ ಹಣವು ಮಧ್ಯವರ್ತಿಗಳಿಲ್ಲದೆ, 'ಫ್ರೂಟ್ಸ್' ದಾಖಲೆಯಂತೆ ನೇರವಾಗಿ ರೈತರ ಬ್ಯಾಂಕಿನ ಖಾತೆಗೆ ಹೋಯಿತು. ಪದ್ಧತಿಯು ಸ್ತುತ್ಯವೇ. ಆದರೆ ಸತ್ತವರ ಹೆಸರಿಗೆ ಖಾತೆಯೆಲ್ಲಿಯದು? ಲಾವಣಿಗೆ ಹೊಲ ಹಿಡಿದು ಬೀಜ ಗೊಬ್ಬರಕ್ಕೆ ಸಾಲ ಮಾಡಿದವನ ಹೆಸರಾದರೂ ಉತಾರದಲ್ಲಿ ಎಲ್ಲಿದೆ? ಹಣವು ವೇಗವಾಗಿ ಹರಿದಷ್ಟೂ, ಹೆಸರಿಲ್ಲದವನು ಅಷ್ಟೇ ವೇಗವಾಗಿ ಹಿಂದೆ ಬೀಳುವನು.

2025ರಲ್ಲಿ ಸರಕಾರವು ಇ-ಪೌತಿ ಆಂದೋಲನವನ್ನು ಕೈಕೊಂಡು, ಮೃತರ ಹೆಸರಿನ ಜಮೀನುಗಳನ್ನು ವಾರಸುದಾರರಿಗೆ ಮಾಡಿಕೊಡಲು ಹೊರಟಿತು. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಆಂದೋಲನವು ಮುಗಿಯುವಂಥದು, ಮರಣವು ನಿತ್ಯದ್ದು. ಮರಣವನ್ನು ನೋಂದಿಸಿಕೊಳ್ಳುವುದೂ ಸರಕಾರವೇ, ಉತಾರವನ್ನು ಇಡುವುದೂ ಸರಕಾರವೇ. ಹಾಗಿರಲು ಒಂದು ಕೈ ಬರೆದುದನ್ನು ಇನ್ನೊಂದು ಕೈಗೆ ತಿಳಿಸಲು ರೈತನೇ ಏಕೆ ಕಚೇರಿಗೆ ಅಲೆಯಬೇಕು? ಯುರೋಪದ ಚಿಕ್ಕ ದೇಶವಾದ ಎಸ್ಟೋನಿಯದಲ್ಲಿ, ಸರಕಾರವು ತನಗೆ ಗೊತ್ತಿರುವ ಸಂಗತಿಯನ್ನು ಪ್ರಜೆಯಿಂದ ಮತ್ತೊಮ್ಮೆ ಕೇಳಬಾರದೆಂಬ ನಿಯಮವಿದೆ. ಅದು ನಮಗೆ ಅಸಾಧ್ಯವೇ?

ಸುಳ್ಳು ವಾರಸುದಾರರು ಹುಟ್ಟಿಕೊಂಡಾರೆಂದು ಕಂದಾಯ ಅಧಿಕಾರಿಗಳು ಶಂಕಿಸಬಹುದು. ಶಂಕೆ ನಿರಾಧಾರವಲ್ಲ. ಅದಕ್ಕೆಂದೇ ನೋಟೀಸು ಕೊಟ್ಟು ತಕರಾರು ಕೇಳುವ ಕ್ರಮ ಕಾಯಿದೆಯಲ್ಲಿದೆ. ಮರಣವು ನೋಂದಣಿಯಾದೊಡನೆ ವಾರಸಾದ ಕೆಲಸವು ಅರ್ಜಿಯಿಲ್ಲದೆಯೇ ಆರಂಭವಾಗಲಿ. ವಾರಸುದಾರರ ಯಾದಿಯನ್ನು ಗ್ರಾಮಸಭೆಯಲ್ಲಿ ಎಲ್ಲರೂ ಕೇಳುವಂತೆ ಓದಲಿ. ಪೋಡಿಗೆ ಬೇಕಾದಷ್ಟು ಭೂಮಾಪಕರನ್ನು ನೇಮಿಸಲಿ. ಲಾವಣಿದಾರನ ಬೆಳೆಯನ್ನು ಗುರುತಿಸಲು, ಮಾಲೀಕನ ಹಕ್ಕಿಗೆ ಧಕ್ಕೆ ಬಾರದಂಥ ದಾರಿಯನ್ನು ಹುಡುಕಲಿ. ಸಕಾಲದ ವಿಳಂಬ ಪರಿಹಾರವು, ಪ್ರಜೆ ಕೇಳುವ ಮೊದಲೇ ಅವನಿಗೆ ಸಲ್ಲಲಿ.

ಯಂತ್ರಗಳನ್ನು ಕೊಳ್ಳಲು ದ್ರವ್ಯವೊಂದಿದ್ದರೆ ಸಾಕು. ಪ್ರಜೆಯ ಅಲೆದಾಟವನ್ನು ತಾನೇ ಹೊತ್ತುಕೊಳ್ಳಲು ಸರಕಾರಕ್ಕೆ ಮನಸ್ಸು ಬೇಕು. ಹೊರ್ತಿಯ ಹೊಲವನ್ನು ಇಂದು ಉಳುವವನ ಹೆಸರು ಉತಾರದಲ್ಲಿ ಕಾಣಿಸಿದ ದಿನವೇ ನಮ್ಮ ಆಡಳಿತವು ಜಾಣವಾಯಿತೆಂದು ಒಪ್ಪಬಹುದು.