ಹೆಸರು ಗೊತ್ತಿಲ್ಲದ ಡಾಕ್ಟರ್

ನೀಟ್ ಪಿಜಿ ರ‍್ಯಾಂಕ್ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಸೀಟು ಆಯ್ಕೆ ಮಾಡಿಕೊಂಡ ದಿನ ಅಮ್ಮ ಸರಿಯಾಗಿ ಮಾತೇ ಆಡಲಿಲ್ಲ.

ನನ್ನ ರ‍್ಯಾಂಕಿಗೆ ಖಾಸಗಿ ಕಾಲೇಜಿನಲ್ಲಿ ರೇಡಿಯಾಲಜಿ ಸಿಗ್ತಿತ್ತು. "ಎಸಿ ರೂಮು, ನೆಮ್ಮದಿಯ ಕೆಲಸ, ಮದುವೆ ಆದ್ಮೇಲೂ ಸುಲಭ" ಅನ್ನೋದು ಅಮ್ಮನ ಲೆಕ್ಕ. ನಾನು ಕೆಇಎ ಆಪ್ಷನ್ ಎಂಟ್ರಿಯಲ್ಲಿ ಮೊದಲಿಗೆ ಹಾಕಿದ್ದು ಸರ್ಕಾರಿ ಕಾಲೇಜಿನ ಅರಿವಳಿಕೆ ವಿಭಾಗ, ಅಂದರೆ ಅನಸ್ತೇಶಿಯಾ.

"ಆಪರೇಷನ್ ಆದ್ಮೇಲೆ ಜನ ಸರ್ಜನ್‌ಗೆ ಕೈ ಮುಗೀತಾರೆ. ನಿನ್ನ ಹೆಸರಾದ್ರೂ ಯಾರಿಗೆ ಗೊತ್ತಿರುತ್ತೆ ಮಗಾ?" ಅಂದರು ಅಪ್ಪ. ಸುಳ್ಳೇನಲ್ಲ.

ಕಾರಣ ಹಿಂದಿನ ವರ್ಷದ್ದು. ಎಂಬಿಬಿಎಸ್ ಮುಗಿಸಿ ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಡ್ಡಾಯ ಗ್ರಾಮೀಣ ಸೇವೆಯಲ್ಲಿದ್ದೆ. ಜುಲೈ ಮಳೆ, ನಡುರಾತ್ರಿ, ಚೊಚ್ಚಲ ಹೆರಿಗೆ. ಮಗುವಿನ ಎದೆಬಡಿತ ಇಳೀತಾ ಇತ್ತು. ಸಿಸೇರಿಯನ್ ಮಾಡೋಕೆ ಹೆರಿಗೆ ಡಾಕ್ಟರ್ ಇದ್ದರು, ಥಿಯೇಟರ್ ಇತ್ತು. ಅರಿವಳಿಕೆ ಕೊಡೋರು ಮಾತ್ರ ಇರಲಿಲ್ಲ. ಆ ಹುದ್ದೆ ಖಾಲಿ. ಬೆನ್ನಿಗೊಂದು ಇಂಜೆಕ್ಷನ್ ಕೊಡಲು ಕಲಿತ ಕೈ ಇಲ್ಲದ್ದಕ್ಕೆ ಆ ಹುಡುಗಿಯನ್ನು 108ರಲ್ಲಿ ಮಲಗಿಸಿ ಎರಡು ಗಂಟೆ ದೂರದ ಜಿಲ್ಲಾಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಹಾಗಂತ ನಾನೇನು ತ್ಯಾಗಮಯಿ ಅಲ್ಲ. ಒಂದೊಂದು ಉಸಿರು, ಒಂದೊಂದು ಬಿಪಿ ರೀಡಿಂಗ್ ಮೇಲೆ ಕಣ್ಣಿಡೋ ಕೆಲಸ ನನಗೆ ಇಷ್ಟ. ಯಾವ ಊರಿಗೆ ಹೋದರೂ ಕೆಲಸ ಸಿಗುತ್ತೆ ಅನ್ನೋ ಲೆಕ್ಕವೂ ಇತ್ತು.

ಕಾಲೇಜು ಆರಿಸುವಾಗ ಬಿಲ್ಡಿಂಗ್, ಹಾಸ್ಟೆಲ್ ನೋಡಲಿಲ್ಲ. ಮೂರು ಕಾಲೇಜುಗಳ ಕೊನೆ ವರ್ಷದ ಪಿಜಿಗಳಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ. ಕೇಸು ನೀವೇ ಕೈಯಾರೆ ಮಾಡ್ತೀರಾ, ಪಕ್ಕದಲ್ಲಿ ನಿಂತು ನೋಡ್ತೀರಾ? ರಾತ್ರಿ ಎರಡಕ್ಕೆ ಕಷ್ಟ ಆದ್ರೆ ಸೀನಿಯರ್ ಬರ್ತಾರಾ? ಎರಡನೆಯದಕ್ಕೆ ತಡವರಿಸದೆ "ಬರ್ತಾರೆ" ಅಂತ ಉತ್ತರ ಬಂದ ಕಾಲೇಜನ್ನೇ ಮೇಲಿಟ್ಟೆ. ಈಗ ಆಪ್ಷನ್ ತುಂಬುತ್ತಿರುವವರು ಇದನ್ನೊಮ್ಮೆ ಕೇಳಿ ನೋಡಿ.

ಈಗ ಎರಡನೇ ವರ್ಷ. ಪಿಜಿಗಳಿಗೆ ಕಡ್ಡಾಯವಾದ ಮೂರು ತಿಂಗಳ ಜಿಲ್ಲಾಸ್ಪತ್ರೆ ಪೋಸ್ಟಿಂಗ್‌ನಲ್ಲಿದ್ದೇನೆ. ಕಳೆದ ವಾರ ನಡುರಾತ್ರಿ ಒಂದು ತುರ್ತು ಸಿಸೇರಿಯನ್‌ಗೆ ಸ್ಪೈನಲ್ ಕೊಟ್ಟೆ. ಮಾರನೇ ದಿನ ವಾರ್ಡಿಗೆ ಹೋದರೆ ಆಕೆ ನನ್ನನ್ನು ನೋಡಿ, "ಸಿಸ್ಟರ್, ಡಾಕ್ಟರ್ ಯಾವಾಗ ಬರ್ತಾರೆ?" ಅಂದಳು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಜೋರಾಗಿ ನಕ್ಕರು. "ಮಗು ಹೇಗಿದೆಯಂತೆ?" ಅಂತ ಹಿಂದಿನಿಂದ ಕೇಳಿದ್ದು ಅಮ್ಮ.